ಅಟ್ಟದಲ್ಲಿ ಸಿಕ್ಕ ಹಳೇ ಕಾರ್ಟೂನ್ ಫಿಲ್ಮ್: ಕೊಟ್ಟುಬಿಡಲಾ, ಇಟ್ಟುಕೊಳ್ಳಲಾ?

ಕಣದಮನೆ (ಮೂಡಿಗೆರೆ):
ಎಲ್ಲರಿಗೂ ನಮಸ್ಕಾರ. ನಮ್ಮದು ಮೂಡಿಗೆರೆ ಕಡೆ ಸಣ್ಣ ಕಾಫಿ ತೋಟ. ಹಳೇ ಮನೆಯ ಹೆಂಚು ಬದಲಿಸಬೇಕು ಅಂತ ಹೋದ ವಾರ ಅಟ್ಟ ಖಾಲಿ ಮಾಡಿಸಿದೆವು. ತಾಮ್ರದ ಹಂಡೆ, ಕಾಲು ಮುರಿದ ತೊಟ್ಟಿಲು, ಭತ್ತ ಅಳೆಯುವ ಕೊಳಗ, ಇವೆಲ್ಲದರ ಹಿಂದೆ ಒಂದು ಬಿಸ್ಕತ್ತಿನ ತಗಡಿನ ಡಬ್ಬ ಇತ್ತು. ಅದರೊಳಗೆ ಅಂಗೈಯಲ್ಲಿ ಮುಚ್ಚಿಕೊಳ್ಳಬಹುದಾದಷ್ಟು ಚಿಕ್ಕ, ಕಪ್ಪು ತಗಡಿನ ನಾಲ್ಕು ಚಪ್ಪಟೆ ಡಬ್ಬಿಗಳು. ಒಂದೊಂದರಲ್ಲೂ ಸಿನಿಮಾ ಫಿಲ್ಮ್ ಸುತ್ತಿಟ್ಟಿದೆ. ನಮ್ಮ ತಾತ ಒಬ್ಬ ಇಂಗ್ಲಿಷ್ ದೊರೆಯ ತೋಟದಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದರು. ದೊರೆ ತೋಟ ಮಾರಿ ಅವರ ದೇಶಕ್ಕೆ ಹೊರಟಾಗ ಕೊಟ್ಟು ಹೋದ ಸಾಮಾನು ಇದು ಅಂತ ಅಜ್ಜಿ ಹೇಳಿದರು.

ಒಂದನ್ನು ಬಿಚ್ಚಿ ಕಿಟಕಿ ಬೆಳಕಿಗೆ ಹಿಡಿದೆ. ಒಂದು ಕಪ್ಪು ಬೆಕ್ಕು! ಬಿಳೀ ಕಣ್ಣು, ಕೈ ಎರಡೂ ಬೆನ್ನ ಹಿಂದೆ. ಏನೋ ಯೋಚನೆ ಮಾಡುತ್ತಾ ಆ ಕಡೆ ಈ ಕಡೆ ನಡೆಯುತ್ತದೆ. ತಲೆ ಮೇಲೆ ಒಂದು ಪ್ರಶ್ನೆ ಚಿಹ್ನೆ ಮೂಡುತ್ತದೆ. ಬೆಕ್ಕು ಆ ಚಿಹ್ನೆಯನ್ನೇ ಕೈಯಲ್ಲಿ ಹಿಡಿದು, ಕೊಕ್ಕೆ ಮಾಡಿಕೊಂಡು ಗೋಡೆ ಹತ್ತುತ್ತದೆ. ಒಂದೊಂದು ಚಿತ್ರ ಹೆಬ್ಬೆರಳಿನ ಉಗುರಿಗಿಂತ ಚಿಕ್ಕದು. ಆದರೂ ನಕ್ಕುಬಿಟ್ಟೆ.

ಈಗ ಸಮಸ್ಯೆ ಏನಂದರೆ, ಬೇರೆ ಕಡೆ ಒಂದು ಫೋಟೊ ಹಾಕಿದ್ದೆ. ಅರ್ಧ ಗಂಟೆಯೊಳಗೆ ಒಬ್ಬರು ಮೆಸೇಜ್ ಮಾಡಿ "ನಾಳೆನೇ ಬರ್ತೀನಿ, ಎಷ್ಟಕ್ಕೆ ಕೊಡ್ತೀರಿ" ಅಂದರು. ನನ್ನ ತಮ್ಮ "ಕೊಟ್ಟು ಕೈ ತೊಳ್ಕೋ" ಅನ್ನುತ್ತಾನೆ. ನನಗೆ ಮನಸ್ಸು ಒಪ್ಪುತ್ತಿಲ್ಲ. ಒಂದೆರಡು ನಿಮಿಷದ ಹಳೇ ಕಾರ್ಟೂನಿಗೆ ಜನ ಯಾಕೆ ಹೀಗೆ ಹಾತೊರೆಯುತ್ತಾರೆ? ಗೊತ್ತಿದ್ದವರು ಹೇಳಿ. ಡಬ್ಬಿ ತೆಗೆದರೆ ಸ್ವಲ್ಪ ಹುಳಿ ವಾಸನೆ ಬೇರೆ ಬರುತ್ತಿದೆ.

ಕೊಪ್ಪದ ಅಡಿಕೆ:
ಅಕ್ಕ, ಮೊದಲು ಅದನ್ನು ಒಲೆ ಇರೋ ಕೋಣೆಯಿಂದ ಆಚೆ ಇಡಿ! ಹಳೇ ಸಿನಿಮಾ ಫಿಲ್ಮಿಗೆ ಬೆಂಕಿ ತಗುಲಿದರೆ ನೀರೊಳಗೆ ಮುಳುಗಿಸಿದರೂ ಆರಲ್ಲ. ತಮಾಷೆ ಅಲ್ಲ.

ಹೇಮಾವತಿ ದಂಡೆ (ಹಾಸನ):
ಆ ಮಾತು ನೈಟ್ರೇಟ್ ಫಿಲ್ಮಿಗೆ ನಿಜ. 1950ರ ಸುಮಾರಿನವರೆಗೆ ಟಾಕೀಸಿಗೆ ಬರುತ್ತಿದ್ದ 35 ಎಂಎಂ ಫಿಲ್ಮ್ ಬಹುಪಾಲು ಅದೇ. ಆದರೆ ಇದು ಅಂಗೈ ಅಗಲದ ಡಬ್ಬಿ ಅಂತಿದ್ದಾರೆ, ಟಾಕೀಸಿನ ಮಾಲು ಅಲ್ಲ. ಅಕ್ಕ, ಒಂದು ನೋಡಿ ಹೇಳಿ. ಫಿಲ್ಮಿನ ತೂತು ಎಲ್ಲಿದೆ? ಎರಡೂ ಅಂಚಿಗಾ, ಒಂದೇ ಅಂಚಿಗಾ?

ಕಣದಮನೆ:
ಅಂಚಿಗೆ ತೂತೇ ಇಲ್ಲ ಅಣ್ಣ. ನಡುವೆ ಇದೆ. ಒಂದು ಚಿತ್ರ, ಒಂದು ತೂತು, ಮತ್ತೆ ಒಂದು ಚಿತ್ರ. ಅಂಚಿನಲ್ಲಿ ಅಲ್ಲಲ್ಲಿ ಇಲಿ ಕಚ್ಚಿದ ಹಾಗೆ ಸಣ್ಣ ಕಚ್ಚು ಬಿದ್ದಿದೆ, ಅದೇ ಬೇಜಾರು.

ಹೇಮಾವತಿ ದಂಡೆ:
ಅಕ್ಕ, ಅದು ಇಲಿ ಕಚ್ಚಿದ್ದಲ್ಲ! ದಯವಿಟ್ಟು ಕತ್ತರಿ ಹಾಕಿ ನೇರ ಮಾಡೋಕೆ ಹೋಗಬೇಡಿ.

ನಿಮ್ಮ ಕೈಯಲ್ಲಿರುವುದು 9.5 ಎಂಎಂ ಫಿಲ್ಮ್. ಫ್ರಾನ್ಸಿನ ಪಾಥೆ ಕಂಪನಿ 1922ರಲ್ಲಿ ಮನೆಯಲ್ಲಿ ಸಿನಿಮಾ ನೋಡುವವರಿಗಾಗಿ ತಂದಿದ್ದು. ಯಂತ್ರದ ಹೆಸರು ಪಾಥೆ ಬೇಬಿ. ಕೈಯಿಂದ ತಿರುಗಿಸಬೇಕು. ಮಕ್ಕಳು ಮರಿ ಇರುವ ಮನೆಗೆ ಅಂತ ಮಾಡಿದ್ದರಿಂದ ಬೇಗ ಬೆಂಕಿ ಹಿಡಿಯದ ಅಸಿಟೇಟ್ ಫಿಲ್ಮನ್ನೇ ಬಳಸಿದರು. ಹಾಗಾಗಿ ಕೊಪ್ಪದವರು ಧೈರ್ಯವಾಗಿರಬಹುದು. ತೂತನ್ನು ನಡುವೆ ಇಟ್ಟಿದ್ದು ಜಾಗ ಉಳಿಸೋಕೆ. ಅಂಚು ಖಾಲಿ ಬಿಡಬೇಕಾಗಿಲ್ಲ, ಫಿಲ್ಮಿನ ಅಗಲ ಹೆಚ್ಚುಕಡಿಮೆ ಪೂರ್ತಿ ಚಿತ್ರಕ್ಕೇ ಸಿಗುತ್ತದೆ. ಇಂಗ್ಲೆಂಡಿನಲ್ಲಿ ಇದು ತುಂಬಾ ನಡೆಯಿತು, ಆದ್ದರಿಂದ ದೊರೆ ಜೊತೆ ಮೂಡಿಗೆರೆಗೆ ಬಂದಿದ್ದರಲ್ಲಿ ಆಶ್ಚರ್ಯ ಇಲ್ಲ.

ಇನ್ನು ಆ ಕಚ್ಚು. ಮೂಕಿ ಚಿತ್ರದಲ್ಲಿ ಮಾತು ಬರಹದಲ್ಲಿ ಬರುತ್ತದಲ್ವಾ? ಜನ ಓದಬೇಕಾದರೆ ಆ ಬರಹ ನಾಲ್ಕೈದು ಸೆಕೆಂಡ್ ನಿಲ್ಲಬೇಕು. ಅಷ್ಟು ಹೊತ್ತಿಗೆ ಎಷ್ಟೋ ಫಿಲ್ಮ್ ಖರ್ಚಾಗುತ್ತದೆ. ಅದಕ್ಕೆ ಪಾಥೆಯವರು ಬರಹಕ್ಕೆ ಕೆಲವೇ ಕೆಲವು ಚೌಕ ಮುದ್ರಿಸಿ, ಅಂಚಿನಲ್ಲಿ ಒಂದು ಕಚ್ಚು ಹೊಡೆದರು. ಆ ಕಚ್ಚು ಯಂತ್ರದೊಳಗಿನ ಪುಟ್ಟ ಕಡ್ಡಿಗೆ ಸಿಕ್ಕಿದ ಕೂಡಲೇ ನೀವು ಕೈ ತಿರುಗಿಸುತ್ತಿದ್ದರೂ ಫಿಲ್ಮ್ ಸ್ವಲ್ಪ ಹೊತ್ತು ಮುಂದೆ ಹೋಗುವುದಿಲ್ಲ. ಬರಹ ನಿಂತಿರುತ್ತದೆ. ಆಮೇಲೆ ತಾನೇ ಬಿಟ್ಟುಕೊಂಡು ಓಡುತ್ತದೆ. ನನ್ನ ಹತ್ತಿರ ಇಂಥ ಒಂದೇ ಒಂದು ಡಬ್ಬಿ ಇದೆ, ಯಂತ್ರ ಇಲ್ಲ. ನಿಮಗೆ ನಾಲ್ಕು ಸಿಕ್ಕಿದೆ ಅಂತ ಓದಿ ನಿಜವಾಗಲೂ ಕೈ ನಡುಗಿತು.

ಬೇಲೂರು ಹುಡುಗಿ:
ನಾನು ಅನಿಮೇಷನ್ ಓದುತ್ತಿದ್ದೇನೆ. ಬೆನ್ನ ಹಿಂದೆ ಕೈ ಕಟ್ಟಿ ನಡೆಯೋ ಬೆಕ್ಕು ಅಂದರೆ ಫೆಲಿಕ್ಸ್! 1919ರಲ್ಲಿ ಮೊದಲು ಬಂದಿದ್ದು, ಮಿಕ್ಕಿ ಮೌಸ್‌ಗಿಂತ ಒಂಬತ್ತು ವರ್ಷ ಹಿರಿಯ. ಆದರೆ ಒಂದು ಎಚ್ಚರಿಕೆ. ಆಗ ಕಪ್ಪು ಬೆಕ್ಕುಗಳು ಜಾಸ್ತಿ. ಡಿಸ್ನಿಯೇ ಮಿಕ್ಕಿಗೆ ಮುಂಚೆ ಜೂಲಿಯಸ್ ಅಂತ ಒಂದು ಬೆಕ್ಕು ಮಾಡಿದ್ದರು, ನೋಡೋಕೆ ಫೆಲಿಕ್ಸ್ ತಮ್ಮನ ಹಾಗೇ ಇರುತ್ತದೆ. ಅಕ್ಕ, ಅಣ್ಣ ಹೇಳಿದ ಕಚ್ಚಿನ ಪಕ್ಕದ ಚೌಕ ನೋಡಿ. ಶೀರ್ಷಿಕೆ ಅಲ್ಲಿರಬಹುದು.

ಕಣದಮನೆ:
ಅಜ್ಜಿಯ ಭೂತಗನ್ನಡಿ ತಂದು ನೋಡಿದೆ. ಮೊದಲ ಕಚ್ಚಿನ ಪಕ್ಕದಲ್ಲೇ ಇದೆ. ಫೆಲಿಕ್ಸ್! ನಾಲ್ಕರಲ್ಲಿ ಎರಡು ಫೆಲಿಕ್ಸ್, ಒಂದರಲ್ಲಿ ಹಡಗು ಸಮುದ್ರ, ಇನ್ನೊಂದು ಅಂಟಿಕೊಂಡಿದೆ, ಬಿಚ್ಚೋಕೆ ಹೆದರಿಕೆ.

ಹೇಮಾವತಿ ದಂಡೆ:
ಅಂಟಿದ್ದನ್ನು ಎಳೆಯಬೇಡಿ. ಹಾಗೇ ಇರಲಿ.

ರತ್ನಗಿರಿ ಬೋರೆ (ಚಿಕ್ಕಮಗಳೂರು):
ಎಲ್ಲ ಸರಿ, ಆದರೆ ಅಕ್ಕ ಕೇಳಿದ ಮೂಲ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ. ಫೆಲಿಕ್ಸ್ ಮೊಬೈಲ್‌ನಲ್ಲಿ ಪುಕ್ಕಟೆ ಸಿಗುತ್ತದೆ. ಈಗಷ್ಟೇ ಐದು ನಿಮಿಷ ನೋಡಿದೆ, ಚೆನ್ನಾಗಿದೆ. ಹಾಗಿರುವಾಗ ಹುಳಿ ವಾಸನೆ ಹೊಡೆಯುವ ತುಂಡಿಗೆ ದುಡ್ಡು ಯಾಕೆ? ನನಗೆ ಅನ್ನಿಸೋದು, ಸಂಗ್ರಹಕಾರರಿಗೆ ಬೇಕಾಗಿರೋದು ಕಾರ್ಟೂನ್ ಅಲ್ಲ, "ನನ್ನ ಹತ್ತಿರ ಮಾತ್ರ ಇದೆ" ಅನ್ನೋ ಸುಖ. ಬೀರುವಿನೊಳಗೆ ಬೀಗ ಹಾಕಿಟ್ಟ ನಗು ಯಾರಿಗೆ ಪ್ರಯೋಜನ?

ಹೇಮಾವತಿ ದಂಡೆ:
ಬೋರೆ ಅವರೇ, ಬೀಗ ಹಾಕಿಡೋರು ಇದ್ದಾರೆ, ಅದನ್ನು ನಾನೂ ಒಪ್ಪೋದಿಲ್ಲ. ಆದರೆ ಪುಕ್ಕಟೆ ಸಿಗೋದು ಎಲ್ಲಿಂದ ಬಂತು ಹೇಳಿ? ಯಾರೋ ಒಬ್ಬರು ಡಬ್ಬಿ ಕಾಪಾಡಿ ಇಟ್ಟಿದ್ದರಿಂದ ಬಂತು. ಜಪಾನಿನ ವಿಷಯ ನೋಡಿ. ಡಿಸ್ನಿ 1928ರಲ್ಲಿ ಮಾಡಿದ ಆಸ್ವಾಲ್ಡ್ ಮೊಲದ ಒಂದು ಕಾರ್ಟೂನ್ ಕಳೆದೇ ಹೋಯಿತು ಅಂದುಕೊಂಡಿದ್ದರು. ಅಲ್ಲಿನ ಹಿರಿಯರೊಬ್ಬರು ಹೈಸ್ಕೂಲ್ ಹುಡುಗನಾಗಿದ್ದಾಗ 500 ಯೆನ್ ಕೊಟ್ಟು ಒಂದು ರೀಲ್ ತಗೊಂಡಿದ್ದರು. ಎಪ್ಪತ್ತು ವರ್ಷ ಮನೆಯಲ್ಲೇ ಇತ್ತು. 2018ರಲ್ಲಿ ನೋಡಿದರೆ ಅದೇ ಕಳೆದುಹೋದ ಕಾರ್ಟೂನ್! ಪೂರ್ತಿ ಇಲ್ಲ, ಸುಮಾರು ಎರಡು ನಿಮಿಷ. ಆ ಎರಡು ನಿಮಿಷ ಈಗ ಜಗತ್ತಿಗೇ ಸಿಕ್ಕಿತು.

9.5 ಎಂಎಂ ಮಹಿಮೆಯೂ ಸಣ್ಣದಲ್ಲ. 1927ರ 'ನೆಪೋಲಿಯನ್' ಅಂತ ಫ್ರಾನ್ಸಿನ ದೊಡ್ಡ ಮೂಕಿ ಚಿತ್ರ ಇದೆ. ಅದನ್ನು ವರ್ಷಗಟ್ಟಲೆ ತುಂಡು ತುಂಡು ಹುಡುಕಿ ಜೋಡಿಸಿದವರು ಕೆವಿನ್ ಬ್ರೌನ್ಲೋ. ಅವರಿಗೆ ಹುಚ್ಚು ಹಿಡಿದಿದ್ದೇ ಶಾಲೆಗೆ ಹೋಗುವಾಗ ಸಿಕ್ಕ 9.5 ಎಂಎಂ ತುಂಡುಗಳಿಂದ.

ಗೊರೂರು ಗಾಳಿ:
ಈ ಮಾತಿಗೆ ನನ್ನದೊಂದು ಸಂಕಟ ಸೇರಿಸುತ್ತೇನೆ. ಕನ್ನಡದ ಮೊದಲ ಮಾತಿನ ಚಿತ್ರ 'ಸತಿ ಸುಲೋಚನ', 1934. ಒಂದು ಪ್ರಿಂಟ್ ಕೂಡ ಉಳಿದಿಲ್ಲ. ಒಂದೂ! ಯಾರಾದರೂ ಒಬ್ಬ ಹುಚ್ಚ ಒಂದು ರೀಲ್ ಅಟ್ಟದಲ್ಲಿಟ್ಟಿದ್ದರೆ ಇವತ್ತು ನಾವು ಆ ದನಿ ಕೇಳಬಹುದಿತ್ತು. ಅಕ್ಕನ ಅಟ್ಟದಲ್ಲಿ ಬೆಕ್ಕು ಉಳೀತು, ನಮ್ಮ ಸುಲೋಚನ ಉಳಿಯಲಿಲ್ಲ. ಸಂಗ್ರಹಕಾರರನ್ನು ಬೈಯೋಕೆ ಮುಂಚೆ ಇದನ್ನು ನೆನಪಿಡಿ.

ರತ್ನಗಿರಿ ಬೋರೆ:
ಆ ಮಾತು ಒಪ್ಪಿದೆ. ಕಳೆದುಹೋಗಿದ್ದನ್ನು ಉಳಿಸೋದು ಬೇರೆ. ಆದರೆ ಎಲ್ಲೆಡೆ ಸಿಗೋ ಕಾರ್ಟೂನಿನ ಹಳೇ ಪ್ರಿಂಟಿಗೂ ಜನ ಮುಗಿಬೀಳುತ್ತಾರಲ್ಲ? ಅದು ಯಾಕೆ?

ಬೇಲೂರು ಹುಡುಗಿ:
ಇದಕ್ಕೆ ನಾನು ಹೇಳುತ್ತೇನೆ. ಬಿದ್ದು ಎದ್ದು ಹೊಡೆದಾಡೋ ಕಾರ್ಟೂನಿನ ಜೀವ ಇರೋದು ಲೆಕ್ಕದಲ್ಲಿ. ರೋಡ್ ರನ್ನರ್ ಹಕ್ಕಿ ಹಿಂದೆ ಓಡೋ ಕಯೋಟಿ ಅನ್ನೋ ತೋಳ ಕಮರಿಗೆ ಬೀಳುತ್ತದಲ್ವಾ? ಅದರ ನಿರ್ದೇಶಕ ಚಕ್ ಜೋನ್ಸ್ ಲೆಕ್ಕ ಇಟ್ಟಿದ್ದರು. ಬಿದ್ದು ಕಣ್ಮರೆ ಆಗೋಕೆ 18 ಫ್ರೇಮ್, ಅಂದರೆ ಫಿಲ್ಮಿನ 18 ಚೌಕ. ಆಮೇಲೆ ಏನೂ ಇಲ್ಲದ 14 ಫ್ರೇಮ್. ಆಮೇಲೆ ಕೆಳಗೆ ಪುಸ್ ಅಂತ ದೂಳು. ಸೆಕೆಂಡಿಗೆ 24 ಫ್ರೇಮ್ ಅಂದರೆ ಆ ಖಾಲಿ ಹೊತ್ತು ಅರ್ಧ ಸೆಕೆಂಡ್ ಚಿಲ್ಲರೆ. ನಗು ಹುಟ್ಟೋದು ಆ ಖಾಲಿಯಲ್ಲಿ. ಚಂಡೆ ಪೆಟ್ಟು ಬೀಳೋಕೆ ಮುಂಚೆ ಒಂದು ಕ್ಷಣ ಉಸಿರು ಹಿಡಿಯುತ್ತೀವಲ್ಲ, ಹಾಗೆ.

ಇನ್ನು ಮೊಬೈಲ್‌ನಲ್ಲಿ ಸಿಗೋದು ಹೇಗಿರುತ್ತದೆ? ಎಷ್ಟೋ ಜನ ಅದನ್ನು ಅಗಲ ಪರದೆಗೆ ಹಿಗ್ಗಿಸುತ್ತಾರೆ, ಇಲ್ಲ ಮೇಲೆ ಕೆಳಗೆ ಕತ್ತರಿಸುತ್ತಾರೆ. ತೋಳ ಬಿದ್ದ ದೂಳು ಪರದೆಯಿಂದ ಆಚೆ ಹೋಗಿಬಿಡುತ್ತದೆ! ಕೆಲವರು ವೇಗ ಜಾಸ್ತಿ ಮಾಡಿ ಹಾಕುತ್ತಾರೆ. ಮೂಕಿ ಕಾರ್ಟೂನಂತೂ ಸುಮಾರು 16ರ ವೇಗಕ್ಕೆ ತೋರಿಸಬೇಕಾದ್ದನ್ನು 24ಕ್ಕೆ ಓಡಿಸಿದರೆ ಫೆಲಿಕ್ಸ್ ಯೋಚನೆ ಮಾಡಲ್ಲ, ಚಡಪಡಿಸುತ್ತದೆ. ಹಳೇ ಪ್ರಿಂಟ್ ಕೈಯಲ್ಲಿದ್ದರೆ ಒಂದೊಂದು ಚೌಕ ಎಣಿಸಿ, ಅವರು ಹೇಗೆ ಮಾಡಿದರು ಅಂತ ಕಲಿಯಬಹುದು. ನನಗೆ ಬೇಕಾಗಿರೋದು ಅದು, ಬೀಗ ಅಲ್ಲ.

ಸಾಲಗಾಮೆ ರಸ್ತೆ (ಹಾಸನ):
ಹಿರಿಯನಾಗಿ ನನ್ನದೊಂದು ಮಾತು. ನಾನು ಕೆಲಸ ಮಾಡಿದ್ದೆಲ್ಲ ಟಿವಿ ಸಿಗ್ನಲ್ ಜೊತೆ. ಈ ಫೆಲಿಕ್ಸ್ ಬೆಕ್ಕಿಗೂ ಟಿವಿಗೂ ಹಳೇ ನಂಟು. 1928ರಲ್ಲಿ ನ್ಯೂಯಾರ್ಕಿನಲ್ಲಿ ಆರ್‌ಸಿಎ ಕಂಪನಿಯವರು ಟಿವಿ ಪ್ರಯೋಗ ಮಾಡುವಾಗ ತಿರುಗುವ ತಟ್ಟೆ ಮೇಲೆ ಒಂದು ಫೆಲಿಕ್ಸ್ ಗೊಂಬೆ ನಿಲ್ಲಿಸಿ ಅದನ್ನೇ ಪ್ರಸಾರ ಮಾಡಿದರು. ದೀಪದ ಬಿಸಿಗೆ ಮನುಷ್ಯರು ಅಷ್ಟು ಹೊತ್ತು ನಿಲ್ಲೋಕೆ ಆಗುತ್ತಿರಲಿಲ್ಲ. ಟಿವಿ ಚಿತ್ರ ಮೂಡೋದು ಗೆರೆ ಗೆರೆಯಾಗಿ, ಆಗ ಇದ್ದಿದ್ದು ಬರೀ 60 ಗೆರೆ. ಕಪ್ಪು ಬಿಳುಪು ಸ್ಪಷ್ಟವಾಗಿದ್ದರಿಂದ ಅಷ್ಟರಲ್ಲೂ ಬೆಕ್ಕು ಬೆಕ್ಕಿನ ಹಾಗೇ ಕಂಡಿತು. ಗಟ್ಟಿ ಚಿತ್ರ ಅಂದರೆ ಅದು.

1982ರಲ್ಲಿ ನಮ್ಮ ಸಾಲಗಾಮೆ ರಸ್ತೆಗೆ ಉಪಗ್ರಹ ನಿಯಂತ್ರಣ ಕೇಂದ್ರ ಬಂದಾಗ ಊರಲ್ಲಿ ಟಿವಿ ಇದ್ದ ಮನೆ ಬೆರಳೆಣಿಕೆ. ಆಮೇಲೆ ಭಾನುವಾರ ಬೆಳಗ್ಗೆ ಕಾರ್ಟೂನ್ ಬಂದರೆ ಬೀದಿಯಲ್ಲಿ ಒಂದು ಮಗು ಕಾಣುತ್ತಿರಲಿಲ್ಲ.

ಕೊಪ್ಪದ ಅಡಿಕೆ:
ನಮ್ಮ ಮನೆಯಲ್ಲಿ ಭಾನುವಾರ ಬೆಳಗ್ಗೆ ಸರಿಯಾಗಿ ಕರೆಂಟ್ ಹೋಗುತ್ತಿತ್ತು. ಆಂಟೆನಾ ತಿರುಗಿಸೋಕೆ ಅಣ್ಣ ಹೆಂಚಿನ ಮೇಲೆ, "ಬಂತಾ?" "ಇಲ್ಲ!" "ಈಗ?" ಅಂತ ಅರ್ಧ ಕಾರ್ಟೂನ್ ಮುಗಿದೇ ಹೋಗೋದು.

ಸಕಲೇಶಪುರ ಮಳೆ:
ನನ್ನ ಹತ್ತಿರ ಫಿಲ್ಮ್ ಇಲ್ಲ, ಕ್ಯಾಸೆಟ್ ಇದೆ. 1995ರಲ್ಲಿ ಕಾರ್ಟೂನ್ ನೆಟ್‌ವರ್ಕ್ ಭಾರತಕ್ಕೆ ಬಂತು. ಹಗಲೆಲ್ಲ ಕಾರ್ಟೂನ್, ರಾತ್ರಿಯಾದರೆ ಅದೇ ಜಾಗದಲ್ಲಿ ಟಿಎನ್‌ಟಿ ಅನ್ನೋ ಸಿನಿಮಾ ಚಾನೆಲ್‌ನ ಹಳೇ ಇಂಗ್ಲಿಷ್ ಸಿನಿಮಾ. ಅಪ್ಪನ ವಿಸಿಆರ್‌ನಲ್ಲಿ ನಾನು ಟಾಮ್ ಅಂಡ್ ಜೆರ್ರಿ ರೆಕಾರ್ಡ್ ಮಾಡಿಟ್ಟೆ, ಒಂಬತ್ತು ಕ್ಯಾಸೆಟ್. ಇಂಗ್ಲಿಷ್ ಒಂದಕ್ಷರ ಬರುತ್ತಿರಲಿಲ್ಲ. ಬೇಕಾಗಿಯೂ ಇರಲಿಲ್ಲ. ಮಾತೇ ಇಲ್ಲ ಅಲ್ವಾ? ಸ್ಕಾಟ್ ಬ್ರಾಡ್ಲಿ ಸಂಗೀತವೇ ಮಾತು. ಬೆಕ್ಕಿನ ಬಾಲ ಸಿಕ್ಕಿಕೊಂಡಾಗ ಬರುತ್ತದಲ್ಲ ಆ ಕಿರುಚು, ಅದು ಬೆಕ್ಕಿನ ಜನಕರಲ್ಲಿ ಒಬ್ಬರಾದ ವಿಲಿಯಂ ಹಾನಾ ಅವರದೇ ಗಂಟಲು. ಇದು ಗೊತ್ತಾದ ಮೇಲೆ ನನಗೆ ಆ ಕಿರುಚು ಇನ್ನೂ ಇಷ್ಟ.

ಕ್ಯಾಸೆಟ್ಟನ್ನು ಸಂಗ್ರಹ ಅಂತ ಒಪ್ಪುತ್ತೀರಾ, ಹೇಮಾವತಿ ಅಣ್ಣ?

ಹೇಮಾವತಿ ದಂಡೆ:
ಒಪ್ಪುತ್ತೇನೆ, ಖಂಡಿತ. ಆಗಿನ ಜಾಹೀರಾತು ಸಮೇತ ಇದ್ದರೆ ಇನ್ನೂ ಚೆನ್ನ. ಆದರೆ ಟಿವಿಗೆ ಬಂದಿದ್ದು ಕೈಯಾಡಿಸಿದ ಪ್ರತಿ ಅನ್ನೋದು ನೆನಪಿರಲಿ. ಬಣ್ಣದ ವಿಷಯವೂ ಇದೆ. ಹಳೇ ಟೆಕ್ನಿಕಲರ್ ಪ್ರಿಂಟಿನಲ್ಲಿ ಬಣ್ಣವನ್ನು ಅಚ್ಚು ಹಾಕಿದ ಹಾಗೆ ಒಂದರ ಮೇಲೊಂದು ಕೂರಿಸುತ್ತಿದ್ದರು, ಎಂಬತ್ತು ವರ್ಷ ಆದರೂ ಕೆಂಪು ಕೆಂಪೇ. ಆಮೇಲೆ ಬಂದ ಅಗ್ಗದ ಈಸ್ಟ್‌ಮನ್ ಕಲರ್ ಪ್ರಿಂಟುಗಳಲ್ಲಿ ನೀಲಿ, ಹಳದಿ ಮಾಸಿಹೋಗಿ ಎಲ್ಲ ಗುಲಾಬಿ. ಒಮ್ಮೆ ಒಬ್ಬರ ಮನೆಯಲ್ಲಿ 16 ಎಂಎಂ ಟೆಕ್ನಿಕಲರ್ ಕಾರ್ಟೂನ್ ನೋಡಿದೆ, ಗೋಡೆಗೆ ಸುಣ್ಣ ಹೊಡೆದು ಪರದೆ ಮಾಡಿದ್ದರು. ಏಳು ನಿಮಿಷದ ಕಾರ್ಟೂನ್, ಸುಮಾರು 250 ಅಡಿ ಫಿಲ್ಮ್, ಹತ್ತು ಸಾವಿರ ಚಿತ್ರ. ಹಿಂದೆ ಯಂತ್ರ ಟರಟರ ಅಂತಿದೆ, ಮುಂದೆ ಆ ಹಸಿರು, ಆ ನೀಲಿ. ಮಳೆ ನಿಂತ ಮೇಲೆ ತೋಟ ಕಂಡ ಹಾಗೆ. ಆವತ್ತಿಂದ ನಾನು ಇದಕ್ಕೆ ಬಿದ್ದೆ.

ಅರಸೀಕೆರೆ ಮೇಷ್ಟ್ರು:
ಎಲ್ಲರ ಮಾತೂ ಓದಿದೆ. ಒಂದು ಅಸಮಾಧಾನ ಹೇಳಬೇಕು. ಬಾಣಲೆಯಲ್ಲಿ ತಲೆಗೆ ಹೊಡೆಯೋದು, ಬಾಲಕ್ಕೆ ಬೆಂಕಿ ಇಡೋದು, ಇದನ್ನು ಕಲೆ ಅಂತ ಹೊಗಳುತ್ತಿದ್ದೀರಿ. ನನ್ನ ತರಗತಿಯಲ್ಲಿ ಇದನ್ನು ನೋಡಿ ಸ್ಕೇಲಿನಲ್ಲಿ ಹೊಡೆದಾಡಿದ ಮಕ್ಕಳಿದ್ದಾರೆ. ಅಷ್ಟೇ ಅಲ್ಲ, ಹಳೇ ಕಾರ್ಟೂನುಗಳಲ್ಲಿ ಕಪ್ಪು ಜನರನ್ನು ಎಷ್ಟು ಕೀಳಾಗಿ ಬರೆದಿದ್ದಾರೆ! ಅದನ್ನೂ "ಅಪರೂಪ" ಅಂತ ಹುಡುಕಿ ಕೊಳ್ಳೋರಿದ್ದಾರೆ. ಇದು ಸರಿಯಾ?

ಬೇಲೂರು ಹುಡುಗಿ:
ಮೇಷ್ಟ್ರೇ, ಎರಡನೇ ಮಾತು ನೂರಕ್ಕೆ ನೂರು ನಿಜ. ವಾರ್ನರ್ ಕಂಪನಿಯ 11 ಕಾರ್ಟೂನುಗಳನ್ನು ಇದೇ ಕಾರಣಕ್ಕೆ 1968ರಲ್ಲಿ ಟಿವಿಗೆ ಕೊಡೋದನ್ನು ನಿಲ್ಲಿಸಿದರು. ಟಾಮ್ ಅಂಡ್ ಜೆರ್ರಿಯಲ್ಲಿ ಕಾಲು ಮಾತ್ರ ಕಾಣೋ ಮನೆಕೆಲಸದ ಹೆಂಗಸು ಇದ್ದಾರಲ್ಲ, ಅವರನ್ನು 1960ರ ದಶಕದಲ್ಲಿ ಟಿವಿಗಾಗಿ ಬೇರೆ ಚಿತ್ರ ಬರೆದು, ಬೇರೆ ದನಿ ಕೊಟ್ಟು ಬದಲಿಸಿದರು. ಮಕ್ಕಳ ಮುಂದೆ ಇಂಥದ್ದನ್ನು ಹಾಕಬಾರದು, ನಾನೂ ಅದೇ ಹೇಳೋದು. ಆದರೆ ಸುಟ್ಟುಹಾಕಿದರೆ ಅಂಥದ್ದು ನಡೆದೇ ಇಲ್ಲ ಅಂತಾಗುತ್ತದೆ. ದೊಡ್ಡವರು, ಓದುವವರು ನೋಡಿ, ಇದು ತಪ್ಪು ಅಂತ ಎದುರಿಗಿಟ್ಟು ಮಾತಾಡಬೇಕು. ಅದಕ್ಕೆ ಮೂಲ ಪ್ರತಿ ಬೇಕು.

ರತ್ನಗಿರಿ ಬೋರೆ:
ಇದರಲ್ಲಿ ನಾನು ಮೇಷ್ಟ್ರ ಕಡೆ. "ನಿಷೇಧ ಆಗಿದ್ದು" ಅಂತ ಬೆಲೆ ಏರಿಸಿ ಮಾರೋರಿಗೆ ಇತಿಹಾಸದ ಕಾಳಜಿ ಇರಲ್ಲ.

ಅರಸೀಕೆರೆ ಮೇಷ್ಟ್ರು:
ಅದೇ ನನ್ನ ಮಾತು. ಓದುವವರಿಗೆ ಅಂತ ಇದ್ದರೆ ನನ್ನ ತಕರಾರು ಇಲ್ಲ. ಹೊಡೆತದ ವಿಷಯ ಮಾತ್ರ ಬಿಡಲ್ಲ.

ಗೊರೂರು ಗಾಳಿ:
ಮೇಷ್ಟ್ರೇ, ಹೊಡೆತದ ವಿಷಯಕ್ಕೆ ನಾನು ಬರುತ್ತೇನೆ. ನೀವು ತೊಗಲುಗೊಂಬೆ ಆಟ ನೋಡಿದ್ದೀರಲ್ವಾ? ನಮ್ಮ ಹಾಸನ ಜಿಲ್ಲೆಯಲ್ಲಿ ಈಗಲೂ ಆಡಿಸುವವರಿದ್ದಾರೆ. ರಾಮಾಯಣ ನಡೀತಾ ಇರುತ್ತದೆ, ನಡುವೆ ನಗಿಸೋಕೆ ಕಿಳ್ಳೇಕ್ಯಾತ, ಅವನ ಹೆಂಡತಿ ಬಂಗಾರಕ್ಕ ಬರುತ್ತಾರೆ. ರಾಮ ಲಕ್ಷ್ಮಣರ ಗೊಂಬೆ ಗಂಭೀರ, ಹೆಚ್ಚು ಅಲ್ಲಾಡಲ್ಲ. ಕಿಳ್ಳೇಕ್ಯಾತ ಹಾಗಲ್ಲ. ಕೈ ಕಾಲು ಕುತ್ತಿಗೆ ಎಲ್ಲ ಸಡಿಲ. ಹೆಂಡತಿ ಹೊಡೀತಾಳೆ, ಇವನು ಬೀಳ್ತಾನೆ, ಎದ್ದು ಅವಳಿಗೇ ಅಡ್ಡ ಮಾತಾಡ್ತಾನೆ, ಮತ್ತೆ ಬೀಳ್ತಾನೆ. ನನ್ನ ಅಜ್ಜ ಅಜ್ಜಿ ಬೆಳಗಿನ ಜಾವದವರೆಗೆ ಕೂತು ನಕ್ಕವರು, ಯಾರೂ ಮನೆಗೆ ಬಂದು ಹೊಡೆದಾಡಲಿಲ್ಲ.

ಇಂಗ್ಲಿಷಿನವರು ಈ ಥರದ ಹಾಸ್ಯಕ್ಕೆ ಸ್ಲಾಪ್‌ಸ್ಟಿಕ್ ಅನ್ನುತ್ತಾರೆ. ಹಳೇ ಇಟಲಿ ನಾಟಕದಲ್ಲಿ ಎರಡು ತೆಳು ಹಲಗೆ ಜೋಡಿಸಿದ ಒಂದು ಕೋಲು ಇತ್ತು. ಮೆಲ್ಲಗೆ ತಟ್ಟಿದರೂ ಫಟಾರ್ ಅಂತ ದೊಡ್ಡ ಸದ್ದು. ಏಟು ಸಣ್ಣದು, ಸದ್ದು ದೊಡ್ಡದು. ನೋಯೋದಿಲ್ಲ ಅಂತ ನೋಡೋರಿಗೆ ಗೊತ್ತು, ಅದಕ್ಕೇ ನಗು. ಬೆಕ್ಕು ಚಪಾತಿ ಹಾಗೆ ಚಪ್ಪಟೆ ಆಗಿ ಮತ್ತೆ ಉಬ್ಬಿಕೊಳ್ಳೋದೂ ಅದೇ ಕೋಲಿನ ಮೊಮ್ಮಗ.

ಅರಸೀಕೆರೆ ಮೇಷ್ಟ್ರು:
ಕಿಳ್ಳೇಕ್ಯಾತನ ಹೆಸರು ಹೇಳಿ ನನ್ನ ಬಾಯಿ ಕಟ್ಟಿದಿರಿ. ನಮ್ಮೂರ ಮಾರಮ್ಮನ ಗುಡಿ ಮುಂದೆ ಕಂಬಳಿ ಹೊದ್ದು ನೋಡಿದ್ದೇನೆ. ಆದರೆ ಒಂದು ವ್ಯತ್ಯಾಸ ಇದೆ. ಅಲ್ಲಿ ದೊಡ್ಡವರು ಪಕ್ಕದಲ್ಲಿದ್ದರು. ಈಗ ಮಗು ಒಂದೇ ಮೊಬೈಲ್ ಹಿಡಿದು ಮೂಲೆಯಲ್ಲಿ ನೋಡುತ್ತದೆ.

ಸಾಲಗಾಮೆ ರಸ್ತೆ:
ಮೇಷ್ಟ್ರು ಹೇಳಿದ್ದು ಸರಿ. ಗೋಡೆ ಮೇಲೆ ಹತ್ತು ಜನ ಕೂಡಿ ನೋಡೋದೇ ಬೇರೆ.

ಫೆಲಿಕ್ಸ್ ವಿಷಯಕ್ಕೆ ಇನ್ನೊಂದು ಮಾತು. ಪರದೆ ಮೇಲೆ ಹೆಸರು ಬರೋದು ಸ್ಟುಡಿಯೊ ಮಾಲೀಕ ಪ್ಯಾಟ್ ಸಲಿವನ್‌ದು. ಬೆಕ್ಕಿಗೆ ನಡಿಗೆ, ನಗು, ಬುದ್ಧಿ ಕೊಟ್ಟು ಕೂತು ಬರೆದವರು ಆಟೊ ಮೆಸ್ಮರ್. ಅವರು ಅದಕ್ಕೂ ಮುಂಚೆ ಚಾಪ್ಲಿನ್ ಕಾರ್ಟೂನ್ ಬರೆಯೋಕೆ ಚಾಪ್ಲಿನ್ ಚಿತ್ರಗಳನ್ನು ಚೆನ್ನಾಗಿ ನೋಡಿ ಕಲಿತಿದ್ದರು. ಮೆಸ್ಮರ್ ಹೆಸರು ಜನರಿಗೆ ಗೊತ್ತಾಗೋಕೆ ದಶಕಗಳು ಬೇಕಾದವು. ಬೆಕ್ಕನ್ನು ಸೃಷ್ಟಿಸಿದ್ದು ಯಾರು ಅಂತ ಆಸ್ಟ್ರೇಲಿಯಾದವರು ಈಗಲೂ ಜಗಳ ಆಡುತ್ತಾರೆ, ಸಲಿವನ್ ಅಲ್ಲಿನವರು. ದುಡಿದವರ ಹೆಸರು ಅಳಿಸಿಹೋಗೋದು ನನಗೆ ಸಹಿಸೋಕೆ ಆಗಲ್ಲ, ಅದಕ್ಕೆ ಬರೆದೆ.

ಕಣದಮನೆ:
ಇಷ್ಟೆಲ್ಲ ಇದೆ ಅಂತ ನನಗೆ ಗೊತ್ತೇ ಇರಲಿಲ್ಲ. ಈಗ ಆ ಹುಳಿ ವಾಸನೆಗೆ ಏನು ಮಾಡಲಿ? ಇಲ್ಲಿ ಮೂರು ದಿನದಿಂದ ಬಿಡದೆ ಮಳೆ. ಚಪ್ಪಲಿಗೆ ಬೂಷ್ಟು ಹಿಡಿದಿದೆ, ಬೀರು ಬಟ್ಟೆಗೆ ಬೂಷ್ಟು ಹಿಡಿದಿದೆ.

ಸಕಲೇಶಪುರ ಮಳೆ:
ಇಲ್ಲೂ ಅದೇ. ಒಂಬತ್ತು ಕ್ಯಾಸೆಟ್‌ನಲ್ಲಿ ನಾಲ್ಕು ಬೂಷ್ಟಿಗೆ ಹೋದವು. ಫಿಲ್ಮನ್ನು ಒಲೆ ಮೇಲಿನ ಅಟ್ಟದಲ್ಲಿಟ್ಟರೆ ಒಣಗಿರಲ್ವಾ? ನಾವು ಬಿತ್ತನೆ ಬೀಜ ಹಾಗೇ ಇಡೋದು.

ಹೇಮಾವತಿ ದಂಡೆ:
ಬೇಡ ಬೇಡ! ಒಲೆ ಅಟ್ಟದ ಬಿಸಿ ಫಿಲ್ಮಿಗೆ ವಿಷ. ಆ ಹುಳಿ ವಾಸನೆ ಅಸಿಟೇಟ್ ಒಡೆಯುತ್ತಿದೆ ಅನ್ನೋದರ ಗುರುತು. ಒಡೆದಾಗ ಅಸಿಟಿಕ್ ಆಮ್ಲ ಬಿಡುತ್ತದೆ, ವಿನೆಗರ್‌ನಲ್ಲಿ ಇರೋದೇ. ಬಿಸಿ ಮತ್ತು ತೇವ ಎರಡೂ ಅದನ್ನು ಜೋರು ಮಾಡುತ್ತವೆ. ಒಂದು ರೀಲಿಗೆ ಶುರುವಾದರೆ ಅದರ ಆವಿ ಪಕ್ಕದ ರೀಲಿಗೂ ತಗುಲುತ್ತದೆ. ಶುರುವಾದ ಮೇಲೆ ಹಿಂದಕ್ಕೆ ತರೋಕಾಗಲ್ಲ, ನಿಧಾನ ಮಾಡಬಹುದು ಅಷ್ಟೇ.

ಸದ್ಯಕ್ಕೆ ಹೀಗೆ ಮಾಡಿ. ವಾಸನೆ ಜಾಸ್ತಿ ಇರೋ ಡಬ್ಬಿಯನ್ನು ಬೇರೆ ಮಾಡಿ. ಪ್ಲಾಸ್ಟಿಕ್ ಕವರ್‌ನಲ್ಲಿ ಬಿಗಿಯಾಗಿ ಕಟ್ಟಬೇಡಿ, ಆವಿ ಒಳಗೇ ಉಳಿಯುತ್ತದೆ. ಮನೆಯಲ್ಲಿ ತಂಪಾಗಿ, ಒಣಗಿರೋ ಕೋಣೆಯಲ್ಲಿ ರಟ್ಟಿನ ಪೆಟ್ಟಿಗೆಯಲ್ಲಿಡಿ, ಜೊತೆಗೆ ತೇವ ಹೀರೋ ಸಿಲಿಕಾ ಜೆಲ್ ಪೊಟ್ಟಣ. ಪೊಟ್ಟಣವನ್ನು ವಾರಕ್ಕೊಮ್ಮೆ ಬದಲಿಸಿ. ಫಿಲ್ಮಿಗೆ ಬೆರಳು ತಾಗಿಸಬೇಡಿ, ಅಂಚು ಹಿಡಿಯಿರಿ. ಮುಖ್ಯವಾಗಿ, ಯಾರಾದರೂ ಹಳೇ ಯಂತ್ರ ತಂದು "ಹಾಕಿ ತೋರಿಸ್ತೀನಿ" ಅಂದರೆ ಒಪ್ಪಬೇಡಿ. ಕುಗ್ಗಿದ ಫಿಲ್ಮಿನ ತೂತು ಯಂತ್ರದ ಹಲ್ಲಿಗೆ ಸರಿಯಾಗಿ ಕೂರಲ್ಲ. ಹರಿದುಹೋಗುತ್ತದೆ.

ರತ್ನಗಿರಿ ಬೋರೆ:
ಹಾಗಾದರೆ ನೋಡೋದು ಹೇಗೆ? ನೋಡೋಕಾಗದೆ ಇಟ್ಟುಕೊಳ್ಳೋದು ನನಗೆ ಸುತರಾಂ ಅರ್ಥವಾಗಲ್ಲ.

ಬೇಲೂರು ಹುಡುಗಿ:
ಒಂದೊಂದೇ ಚೌಕ ಫೋಟೊ ತೆಗೆದು ಜೋಡಿಸಬೇಕು. ಇಂಥ ಚಿಕ್ಕ ಡಬ್ಬಿಯಲ್ಲಿ ಸುಮಾರು 30 ಅಡಿ ಇರುತ್ತದೆ, 1200 ಚೌಕ. ಓಡಿಸಿದರೆ ಒಂದೂಕಾಲು ನಿಮಿಷ. ಕೆಳಗೆ ಸಮನಾದ ಬೆಳಕು, ಮೇಲೆ ಚಿಕ್ಕದನ್ನು ಹತ್ತಿರದಿಂದ ದೊಡ್ಡದಾಗಿ ತೆಗೆಯೋ ಮ್ಯಾಕ್ರೊ ಲೆನ್ಸ್ ಇರೋ ಕ್ಯಾಮೆರಾ, ಫಿಲ್ಮ್ ಸರಿಸೋಕೆ ಒಂದು ನುಣುಪು ಚೌಕಟ್ಟು. ತಾಳ್ಮೆ ಬೇಕು, ಅಷ್ಟೇ. ನಾನು ಮಾಡಿಕೊಡುತ್ತೇನೆ ಅಕ್ಕ, ದುಡ್ಡು ಬೇಡ. ಕಚ್ಚು ಇರೋ ಚೌಕವನ್ನು ಕಂಪ್ಯೂಟರ್‌ನಲ್ಲಿ ಐದು ಸೆಕೆಂಡ್ ನಿಲ್ಲಿಸಿದರೆ ಪಾಥೆ ಯಂತ್ರ ತೋರಿಸಿದ ಹಾಗೇ ಬರುತ್ತದೆ.

ರತ್ನಗಿರಿ ಬೋರೆ:
ಇದು ಚೆನ್ನಾಗಿದೆ. ಚೌಕಟ್ಟು ನಾನು ಮಾಡುತ್ತೇನೆ, ನಮ್ಮದು ಮರಗೆಲಸದ ಮನೆ. ಅಳತೆ ಕಳಿಸಿ.

ಕೊಪ್ಪದ ಅಡಿಕೆ:
ಹಕ್ಕುಸ್ವಾಮ್ಯದ ತೊಂದರೆ ಬರಲ್ವಾ?

ಸಾಲಗಾಮೆ ರಸ್ತೆ:
ನಮ್ಮ ಕಾನೂನಿನಲ್ಲಿ ಸಿನಿಮಾಕ್ಕೆ ಪ್ರಕಟವಾದ ಮೇಲೆ 60 ವರ್ಷ. ಮೂಕಿ ಕಾಲದ ಫೆಲಿಕ್ಸ್ ಅದನ್ನು ದಾಟಿ ಎಷ್ಟೋ ಕಾಲವಾಯಿತು.

ಕಣದಮನೆ:
ಇವತ್ತು ನಡೆದಿದ್ದು ಬರೆಯಲೇಬೇಕು. ಕಾಫಿ ಕುಡೀತಾ ಅಜ್ಜಿಗೆ ಫೋನಿನಲ್ಲಿ ಫೆಲಿಕ್ಸ್ ತೋರಿಸಿದೆ. ಅಜ್ಜಿಗೆ ಈಗ 89. ಬೆಕ್ಕು ಬೆನ್ನ ಹಿಂದೆ ಕೈ ಕಟ್ಟಿ ನಡೆಯೋದು ನೋಡಿದ್ದೇ ತಡ, ಲೋಟ ಕೆಳಗಿಟ್ಟು "ಅಯ್ಯೋ, ಇದು ದೊರೆ ಬೆಕ್ಕು ಕಣೇ!" ಅಂದರು. ಮದುವೆಯಾಗಿ ಬಂದ ವರ್ಷ ಸುಗ್ಗಿ ಮುಗಿದ ಮೇಲೆ ಬಂಗಲೆ ಮುಂದಿನ ಕಣದಲ್ಲಿ ಬಿಳೀ ಪಂಚೆ ಕಟ್ಟಿ ತೋರಿಸಿದ್ದರಂತೆ. ಲೈನ್ ಮನೆಯ ಆಳುಗಳು, ಮಕ್ಕಳು ಎಲ್ಲ ಕಾಫಿ ಚೀಲದ ಮೇಲೆ ಕೂತಿದ್ದರಂತೆ. ದೊರೆ ತೋಟ ಸುತ್ತುವಾಗ ಹೀಗೇ ಬೆನ್ನ ಹಿಂದೆ ಕೈ ಕಟ್ಟಿ ತಲೆ ತಗ್ಗಿಸಿ ನಡೆಯೋರು. ಬೆಕ್ಕು ಪರದೆ ಮೇಲೆ ಹಾಗೆ ನಡೆದ ಕೂಡಲೇ ಒಬ್ಬಳು ಹುಡುಗಿ "ದೊರೆ ಬಂದ್ರು!" ಅಂದಳಂತೆ. ಎಲ್ಲರಿಗೂ ನಗು ಬಂದರೂ ನಗೋಕೆ ಹೆದರಿಕೆ. ಯಂತ್ರದ ಹಿಡಿ ತಿರುಗಿಸುತ್ತಿದ್ದ ದೊರೆಯೇ ಮೊದಲು ನಕ್ಕರಂತೆ, ಆಮೇಲೆ ಕಣಕ್ಕೆ ಕಣವೇ ನಕ್ಕಿತಂತೆ. ತಾತ ಪಕ್ಕದಲ್ಲಿ ಲಾಟೀನು ಹಿಡಿದು ನಿಂತಿದ್ದರು ಅಂತ ಹೇಳಿ ಅಜ್ಜಿ ಸುಮ್ನೆ ಕೂತುಬಿಟ್ಟರು.

ಮಾರಲ್ಲ. ಮೆಸೇಜ್ ಮಾಡಿದವರಿಗೆ ಹೇಳಿಬಿಟ್ಟೆ.

ಗೊರೂರು ಗಾಳಿ:
ಓದಿ ಕಣ್ಣು ತುಂಬಿತು ತಾಯಿ. ಅಜ್ಜಿ ಹೇಳಿದ್ದನ್ನು ಅವರ ದನಿಯಲ್ಲೇ ರೆಕಾರ್ಡ್ ಮಾಡಿ, ಇವತ್ತೇ.

ಹೇಮಾವತಿ ದಂಡೆ:
ಹೌದು, ಅದು ಫಿಲ್ಮಿಗಿಂತ ಮೊದಲು ಆಗಬೇಕಾದ ಕೆಲಸ. ಫೋಟೊ ತೆಗೆದ ಮೇಲೆ ಅಂಟಿಕೊಂಡ ನಾಲ್ಕನೇ ಡಬ್ಬಿ ಬಗ್ಗೆ ಪುಣೆಯ ಫಿಲ್ಮ್ ಆರ್ಕೈವ್ ಅಥವಾ ಮುಂಬೈನ ಫಿಲ್ಮ್ ಹೆರಿಟೇಜ್ ಫೌಂಡೇಶನ್‌ಗೆ ಬರೆದು ಕೇಳೋಣ. ಬಿಚ್ಚೋ ಕೆಲಸ ಬಲ್ಲವರೇ ಮಾಡಬೇಕು.

ಅರಸೀಕೆರೆ ಮೇಷ್ಟ್ರು:
ಜೋಡಿಸಿ ಆದ ಮೇಲೆ ನಮ್ಮ ಶಾಲೆಗೆ ಒಂದು ದಿನ ತನ್ನಿ. ಗೋಡೆ ನಾನು ಕೊಡುತ್ತೇನೆ. ಮಕ್ಕಳ ಜೊತೆ ನಾನೂ ಕೂರುತ್ತೇನೆ.

ಕಣದಮನೆ:
ಖಂಡಿತ ಮೇಷ್ಟ್ರೇ. ಹೇಮಾವತಿ ಅಣ್ಣ, ಈ ಭಾನುವಾರ ಬರೋಕಾಗುತ್ತಾ? ಬೇಲೂರು ಮೇಲೆ ಬಂದರೆ ಆ ಹುಡುಗಿಯನ್ನೂ ಹತ್ತಿಸಿಕೊಂಡು ಬರಬಹುದು. ಬೋರೆ ಅವರು ಚೌಕಟ್ಟು ತಂದರೆ ಎಲ್ಲ ಒಂದೇ ಸಲ ಆಗುತ್ತದೆ. ಮಧ್ಯಾಹ್ನ ಊಟ ಇಲ್ಲೇ, ಅಕ್ಕಿ ರೊಟ್ಟಿ, ಕಳಲೆ ಪಲ್ಯ.

ಹೇಮಾವತಿ ದಂಡೆ:
ಬರುತ್ತೇನೆ ಅಕ್ಕ. ನನ್ನ ಹತ್ತಿರ ಇರೋ ಒಂದು ಡಬ್ಬಿಯನ್ನೂ ತರುತ್ತೇನೆ. ಅಜ್ಜಿಗೆ ಗುರುತು ಸಿಗುತ್ತದೇನೋ ನೋಡೋಣ.

ರತ್ನಗಿರಿ ಬೋರೆ:
ಸಾಗುವಾನಿ ತುಂಡು ಆರಿಸಿಟ್ಟಿದ್ದೇನೆ. 9.5ಕ್ಕೆ ಕಾಲುವೆ ಕೊರೆಯಬೇಕು, ಅರ್ಧ ಎಂಎಂ ಸಡಿಲ ಇದ್ದರೆ ಸಾಕಾ?

ಬೇಲೂರು ಹುಡುಗಿ:
ಅರ್ಧ ಜಾಸ್ತಿ ಆಯಿತು, ಫಿಲ್ಮ್ ಅಲ್ಲಾಡುತ್ತದೆ. ಕಾಲು ಎಂಎಂ ಇರಲಿ. ಒಳಗೆ ಮಖಮಲ್ ಬಟ್ಟೆ ನಾನು ತರುತ್ತೇನೆ.